ಮರಿಮೀನಿಗೊಂದು ಹಸಿರು ಸೆರಗು

ನಮ್ಮ ಕಡೆ ಹಸಿರಾಗಿ ಜಾರುವುದಕ್ಕೆಲ್ಲ ಒಂದೇ ಹೆಸರು, ಪಾಚಿ. ಕೆರೆಯ ಮೇಲೆ ತೇಲುವುದೂ ಪಾಚಿ, ಬಾವಿಕಟ್ಟೆಯ ಮೇಲೆ ಮಖಮಲ್ಲಿನಂತೆ ಹಬ್ಬುವುದೂ ಪಾಚಿ, ನೀರಿನ ತೊಟ್ಟಿಯ ಒಳಗೋಡೆಗೆ ಅಂಟುವುದೂ ಪಾಚಿ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯಲ್ಲಿ. ಅಲ್ಲಿ ಮಳೆ ಒಮ್ಮೆ ಹಿಡಿಯಿತೆಂದರೆ ಅಂಗಳ, ಪಾಗಾರ, ಕಲ್ಲುಮೆಟ್ಟಿಲು, ಹೆಂಚು ಎಲ್ಲಕ್ಕೂ ಹಸಿರು ಬಣ್ಣ. ಕಾಲು ಜಾರದಿರಲೆಂದು ಅಂಗಳದ ಉದ್ದಕ್ಕೂ ಅಡಿಕೆ ದಬ್ಬೆ ಹಾಸುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಹೆಂಗಸರೆಲ್ಲ ಸೇರಿ ಮೆಟ್ಟಿಲುಗಳನ್ನು ಕೆರೆದು ತೊಳೆಯುತ್ತಿದ್ದೆವು. ಅಂಥ ಪಾಚಿಯನ್ನು ದುಡ್ಡು ಕೊಟ್ಟು ತಂದು, ದಾರದಿಂದ ಕಲ್ಲಿಗೆ ಕಟ್ಟಿ, ‘ಬದುಕಪ್ಪಾ’ ಎಂದು ಕಾಯುವ ದಿನವೂ ಬಂತು. ಅದಕ್ಕೆ ಕಾರಣ ನನ್ನ ಮೊಮ್ಮಗಳು.

ಈಗ ನಾನಿರುವುದು ದಾವಣಗೆರೆಯಲ್ಲಿ, ಮಗನ ಮನೆಯಲ್ಲಿ. ಮೊಮ್ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತೇವೆ. ಕಳೆದ ಜೂನ್‌ನಲ್ಲಿ ಅವಳ ಹುಟ್ಟುಹಬ್ಬಕ್ಕೆ ಅಪ್ಪ ಒಂದು ಗಾಜಿನ ಮೀನಿನ ತೊಟ್ಟಿ ತಂದುಕೊಟ್ಟ. ಉದ್ದ 60 ಸೆಂಟಿಮೀಟರ್, ಅಗಲ 30, ಎತ್ತರ 30. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 54 ಲೀಟರ್ ಎಂದು ಅವಳೇ ಲೆಕ್ಕ ಹಾಕಿ ಹೇಳಿದಳು. ಅದರಲ್ಲಿ ಐದು ಗಪ್ಪಿ ಮೀನುಗಳು. ಬಣ್ಣದ ಬಾಲದ ಗಂಡು ಎರಡು, ಬೂದು ಬಣ್ಣದ ದಪ್ಪ ಹೊಟ್ಟೆಯ ಹೆಣ್ಣು ಮೂರು. ತಳದಲ್ಲಿ ಬಿಳಿ ಜಲ್ಲಿ, ಒಂದು ಪ್ಲಾಸ್ಟಿಕ್ ಗಿಡ, ಗುಳುಗುಳು ಎನ್ನುವ ಸ್ಪಂಜಿನ ಫಿಲ್ಟರ್. ಅಷ್ಟೇ.

ಗಪ್ಪಿ ನಮ್ಮ ನಾಡಿನ ಮೀನಲ್ಲ. ಅದರ ತವರು ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ದ್ವೀಪ. ಟ್ರಿನಿಡಾಡ್‌ನಿಂದ ಇದನ್ನು ಲಂಡನ್ನಿನ ಮ್ಯೂಸಿಯಮ್ಮಿಗೆ ಕಳುಹಿಸಿಕೊಟ್ಟ ರಾಬರ್ಟ್ ಗಪ್ಪಿ ಎಂಬವರ ಹೆಸರೇ ಮೀನಿಗೂ ಅಂಟಿಕೊಂಡಿತು. ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತದೆಂದು ನಮ್ಮಲ್ಲೂ ಮಲೇರಿಯಾ ತಡೆಗೆ ಬಾವಿ, ತೊಟ್ಟಿಗಳಿಗೆ ಇದನ್ನು ಬಿಡುತ್ತಾರೆ. ಇದರ ಇನ್ನೊಂದು ವಿಶೇಷವೆಂದರೆ ಇದು ಮೊಟ್ಟೆಯಿಡುವುದಿಲ್ಲ; ನೇರವಾಗಿ ಮರಿ ಹಾಕುತ್ತದೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಒಂದು ಬಾಣಂತನ!

ಜುಲೈ ತಿಂಗಳ ಒಂದು ಬೆಳಿಗ್ಗೆ ಪುಟ್ಟಿ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಓಡಿಬಂದಳು. “ಅಜ್ಜಿ, ಮರಿ! ಮರಿ!” ಹೋಗಿ ನೋಡಿದರೆ ಸಾಸಿವೆಗೆ ಕಣ್ಣು ಬರೆದು ಬಾಲ ಅಂಟಿಸಿದಂಥ ಪುಟಾಣಿಗಳು ನೀರಿನಲ್ಲಿ ಸರ್ರನೆ ಓಡಾಡುತ್ತಿದ್ದವು. ಅವಳು ಎಣಿಸಲು ಶುರುಮಾಡಿದಳು. ಹದಿಮೂರು ಎಂದಳು. ಮತ್ತೆ ಹನ್ನೆರಡು ಎಂದಳು. ಮೂರನೆಯ ಸಲ ಎಣಿಸುವಾಗ ಅವಳ ಕಣ್ಣೆದುರಿಗೇ ದೊಡ್ಡ ಮೀನು ಬಂದು ಒಂದು ಮರಿಯನ್ನು ಗುಳುಂ ಮಾಡಿತು. ಮರಿ ಹಾಕಿದ ಮೀನೇ ಅದು. ಸಂಜೆ ಶಾಲೆಯಿಂದ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

“ಅಜ್ಜಿ, ಅಮ್ಮನೇ ತಿಂದುಬಿಟ್ಟಳಾ?”

ಆ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಪುಟ್ಟಿ ಅಳಲಿಲ್ಲ; ಅತ್ತಿದ್ದರೆ ಚೆನ್ನಾಗಿತ್ತು. ಆ ದಿನದಿಂದ ಮೀನಿಗೆ ಕಾಳು ಹಾಕುವುದನ್ನು ಬಿಟ್ಟಳು. ತೊಟ್ಟಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಿದ್ದಳು. “ಕೆಟ್ಟ ಅಮ್ಮ. ಅವಳನ್ನು ಅಂಗಡಿಗೆ ವಾಪಸ್ ಕೊಡಿ” ಎಂದಳು. ಬೇಡವಾದರೆ ಕೊಟ್ಟುಬಿಡೋಣ ಎಂದು ಮಗನೂ ಅಂದ.

ನಾನು ಒಂದು ವಾರ ಯೋಚಿಸಿದೆ. ಮೀನಿಗೆ ‘ಇದು ನನ್ನ ಮರಿ’ ಎಂಬ ಗುರುತಿಲ್ಲ. ಬಾಯಿಯ ಮುಂದೆ ಸಣ್ಣದೇನಾದರೂ ಅಲುಗಿದರೆ ಅದು ಆಹಾರ, ಅಷ್ಟೇ ಅದರ ಲೋಕ. ಹಾಗಿದ್ದರೂ ಹೊಳೆಯಲ್ಲಿ ಗಪ್ಪಿಯ ಸಂತತಿ ಮುಗಿದುಹೋಗಿಲ್ಲವಲ್ಲ? ಯಾಕೆಂದರೆ ಹೊಳೆಯಲ್ಲಿ ಜೊಂಡಿದೆ, ಬೇರುಗಳಿವೆ, ಕಲ್ಲುಸಂದಿಗಳಿವೆ. ಮರಿ ಹುಟ್ಟಿದ ಕ್ಷಣವೇ ಅಲ್ಲಿಗೆ ನುಗ್ಗುತ್ತದೆ. ನಮ್ಮ ಗಾಜಿನ ತೊಟ್ಟಿಯಲ್ಲಿ ಬಚ್ಚಿಟ್ಟುಕೊಳ್ಳಲು ಒಂದು ಮೂಲೆಯೂ ಇರಲಿಲ್ಲ. ತಾಯಿಯ ಗುಣ ಬದಲಾಯಿಸಲು ನಮ್ಮಿಂದಾಗದು, ಮನೆಯನ್ನು ಬದಲಾಯಿಸಬಹುದು. ಇದನ್ನೇ ಪುಟ್ಟಿಗೆ ಹೇಳಿದೆ. ಅವಳು ಪೂರ್ತಿ ಒಪ್ಪಲಿಲ್ಲ. “ನೋಡೋಣ” ಎಂದಳು, ಅವಳ ಅಪ್ಪನ ಧಾಟಿಯಲ್ಲೇ.

ಪೇಟೆಯ ಮೀನಿನ ಅಂಗಡಿಯವರು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಹಸಿರು ಹಾಕಿಕೊಟ್ಟರು. “ಜಾವಾ ಮಾಸ್ ಅಜ್ಜಿ. ಮರಿ ಉಳಿಸೋಕೆ ಇದಕ್ಕಿಂತ ಒಳ್ಳೇದಿಲ್ಲ.” ಮನೆಗೆ ತಂದು ಬಿಳಿ ತಟ್ಟೆಯಲ್ಲಿ ಹರಡಿ, ಭೂತಗನ್ನಡಿ ಹಿಡಿದು ಇಬ್ಬರೂ ನೋಡಿದೆವು. ಕೂದಲಿನಂಥ ಕಾಂಡ, ಅದರ ಎರಡೂ ಬದಿಗೆ ಒತ್ತೊತ್ತಾಗಿ ಪುಟ್ಟಪುಟ್ಟ ಎಲೆ. ಕೆರೆಯ ಪಾಚಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ ಕಂಡಿತು. ನೀರನ್ನು ಹಸಿರಾಗಿಸುವ, ಲೋಳೆಯಂತೆ ಅಂಟುವ ಪಾಚಿಗೆ ಕಾಂಡ ಎಲೆಗಳೆಂಬುದಿಲ್ಲ; ಅದನ್ನು ಶಾಲೆಯ ಪುಸ್ತಕದಲ್ಲಿ ಶೈವಲ ಎನ್ನುತ್ತಾರೆ. ಇದು ಹಾವಸೆ. ನಮ್ಮೂರ ಮೆಟ್ಟಿಲಿನ ಮೇಲಿನ ಮಖಮಲ್ಲಿನ ದೂರದ ಬಂಧು. ಹಾವಸೆಗೆ ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಬೇರಿನಂತೆ ಕಾಣುವ ಸಣ್ಣ ಎಳೆಗಳಿವೆ. ಅವು ಮುಖ್ಯವಾಗಿ ಹಿಡಿದುಕೊಳ್ಳುವುದಕ್ಕೆ. ನೀರನ್ನೂ ಸತ್ವವನ್ನೂ ಅದು ಎಲೆಯಿಂದಲೇ ಹೀರುತ್ತದೆ. ಹೆಚ್ಚಿನ ಹಾವಸೆಗಳ ಎಲೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು! ಹಾಗಾಗಿ ಇದಕ್ಕೆ ಮಣ್ಣು ಬೇಡ, ಗೊಬ್ಬರ ಹೂಳುವುದು ಬೇಡ.

“ಹಾಗಾದರೆ ನಿಮ್ಮೂರಿನದನ್ನೇ ತರಬಹುದಿತ್ತಲ್ಲ, ದುಡ್ಡು ಯಾಕೆ ಕೊಟ್ಟಿರಿ?” ಎಂದಳು ಪುಟ್ಟಿ. ಒಳ್ಳೆಯ ಪ್ರಶ್ನೆ. ಆದರೆ ನೆಲದ ಮೇಲಿನ ಹಾವಸೆಗಳಲ್ಲಿ ಬಹಳಷ್ಟು ಸದಾ ಮುಳುಗಿದ್ದರೆ ಕಂದುಗಟ್ಟಿ ಕೊಳೆಯುತ್ತವೆ. ಜಾವಾ ಹಾವಸೆ ಹಾಗಲ್ಲ. ತೇವವಿದ್ದರೆ ನೆಲದ ಮೇಲೂ ಬೆಳೆಯುತ್ತದೆ, ನೀರಿನೊಳಗೂ ಬೆಳೆಯುತ್ತದೆ. ಆಗ್ನೇಯ ಏಷ್ಯಾದ ಕಡೆಯಿಂದ ಬಂದದ್ದು. ಇದರ ಶಾಸ್ತ್ರೀಯ ಹೆಸರು ಟ್ಯಾಕ್ಸಿಫಿಲ್ಲಮ್ ಬಾರ್ಬಿಯೇರಿ. ಬಹಳ ಕಾಲ ಬೇರೊಂದು ಹಾವಸೆಯ ಹೆಸರಿನಲ್ಲೇ ಇದು ಮಾರಾಟವಾಗುತ್ತಿತ್ತು. ಹೆಸರು ಯಾವುದಾದರೇನು, ಅದು ಮಾತ್ರ ಬೆಳೆಯುತ್ತಲೇ ಇತ್ತು.

ಕಟ್ಟುವ ಕೆಲಸ ನನ್ನದಾಯಿತು. ಮಲ್ಲಿಗೆ ಮಾಲೆ ಕಟ್ಟಿದ ಕೈಗೆ ಇದೇನು ಕಷ್ಟವಲ್ಲ. ನಮ್ಮಪ್ಪ ನಿಂಬೆ ಗಿಡಕ್ಕೆ ಗೂಟಿ ಕಟ್ಟುವಾಗ ಕೊಂಬೆಯ ಸುತ್ತ ಒದ್ದೆ ಹಾವಸೆ ಸುತ್ತುತ್ತಿದ್ದುದು ನೆನಪಾಯಿತು. ನೀರನ್ನು ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಮೂರು ಒರಟು ಕಾಡುಗಲ್ಲು, ಒಂದು ತೆಂಗಿನ ಕರಟ ತೆಗೆದುಕೊಂಡೆ. ಎಲ್ಲವನ್ನೂ ಉಜ್ಜಿ ಕುದಿಸಿದೆ. ಕರಟಕ್ಕೆ ಬಾಗಿಲಿನಂತೆ ಒಂದು ತೂತು. ಹಾವಸೆಯನ್ನು ಒಂದೇ ಪದರವಾಗಿ ತೆಳ್ಳಗೆ ಹರಡಿ, ಹತ್ತಿಯ ದಾರದಿಂದ ಸುತ್ತಿದೆ. ತೆಳ್ಳಗೆ ಎನ್ನುವುದು ಮುಖ್ಯ. ಹಪ್ಪಳವನ್ನು ಒಂದರ ಮೇಲೊಂದು ಹಾಕಿ ಒಣಗಿಸುತ್ತೇವೆಯೇ? ಇಲ್ಲವಲ್ಲ. ಹಾಗೆಯೇ ದಪ್ಪಗೆ ಕಟ್ಟಿದರೆ ಅಡಿಯ ಪದರಕ್ಕೆ ಬೆಳಕು ಸಿಗದೆ ಕೊಳೆಯುತ್ತದೆ. ಹತ್ತಿಯ ದಾರವೇ ಏಕೆಂದರೆ, ಹಾವಸೆ ಕಲ್ಲನ್ನು ಹಿಡಿದುಕೊಂಡ ಮೇಲೆ ದಾರ ತಾನಾಗಿ ಕರಗಿಹೋಗುತ್ತದೆ.

ಆಮೇಲೆ ಕಾಯುವುದು. ಇದೇ ಕಷ್ಟದ ಭಾಗ. ಮೀನಿನ ಲೆಕ್ಕ ನಾಲ್ಕು ವಾರ; ಹಾವಸೆಗೆ ಆ ಲೆಕ್ಕ ಗೊತ್ತಿಲ್ಲ. ಮೊದಲ ಎರಡು ವಾರ ಅದು ಸತ್ತಿದೆಯೋ ಬದುಕಿದೆಯೋ ತಿಳಿಯದು. ಪುಟ್ಟಿ ದಿನಾ ಸ್ಕೇಲ್ ಹಿಡಿದು ಗಾಜಿನ ಹೊರಗಿನಿಂದ ಅಳೆಯುತ್ತಿದ್ದಳು. “ಇವತ್ತೂ ಏನಿಲ್ಲ.” ಆಗಸ್ಟ್ ಮಧ್ಯದಲ್ಲಿ, ಮೂರನೆಯ ವಾರಕ್ಕೆ, ಹಳೆಯ ಕಡುಹಸಿರಿನ ತುದಿಯಲ್ಲಿ ಎಳೆ ಬಾಳೆಸುಳಿಯ ಬಣ್ಣದ ಚಿಗುರು ಕಂಡಿತು. ಅಷ್ಟರಲ್ಲೇ ಎರಡನೆಯ ಮರಿಗಳೂ ಬಂದವು. ಹಾವಸೆ ಇನ್ನೂ ತೆಳುವಾಗಿತ್ತು. ವಾರದ ಕೊನೆಗೆ ಉಳಿದದ್ದು ಎರಡೇ ಮರಿ.

“ಎರಡೇನಾ?” ಎಂದಳು ಪುಟ್ಟಿ. “ಹೋದ ಸಲ ಸೊನ್ನೆ” ಎಂದೆ. ಅವಳು ಸ್ವಲ್ಪ ಹೊತ್ತು ತೊಟ್ಟಿಯ ಮುಂದೆ ಕುಳಿತಳು. ಆದರೆ ಕಾಳು ಹಾಕುವ ಡಬ್ಬಿಯನ್ನು ಮುಟ್ಟಲಿಲ್ಲ.

ಮುಂದಿನ ಮೂರು ತಿಂಗಳು ನಾವು ಮಾಡಿದ್ದು ಕೆಲವೇ ಕೆಲಸ. ದೀಪ ದಿನಕ್ಕೆ ಏಳು ಗಂಟೆ, ಹೆಚ್ಚಿಲ್ಲ. ಹಾವಸೆ ನೆರಳಿನ ಗಿಡ. ಕಡಿಮೆ ಬೆಳಕಿನಲ್ಲೂ ಅದು ನಿಧಾನವಾಗಿ ಬೆಳೆಯುತ್ತದೆ. ಹೆಚ್ಚಿನ ಬೆಳಕನ್ನು ಬಳಸಿಕೊಳ್ಳುವುದು ಶೈವಲ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸ ನೀರು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಆದ್ದರಿಂದ ಬಕೆಟ್ಟಿನಲ್ಲಿ ತುಂಬಿ ಒಂದು ದಿನ ತೆರೆದಿಟ್ಟು ಆಮೇಲೆ ಹಾಕುತ್ತೇವೆ. ಹಾವಸೆಯ ಸಂದಿಯಲ್ಲಿ ಮೀನಿನ ಹಿಕ್ಕೆ, ಉಳಿದ ಕಾಳು ಸೇರಿಕೊಂಡು ಉಸಿರು ಕಟ್ಟಿಸುತ್ತವೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಕಲ್ಲನ್ನು ಮುಳುಗಿಸಿ, ಕೊತ್ತಂಬರಿ ಸೊಪ್ಪು ಜಾಲಿಸುವಂತೆ ಎರಡು ಸಲ ಜಾಲಿಸಿದರೆ ಸಾಕು. ಆ ನೀರು ಚೆಲ್ಲುವುದಿಲ್ಲ. ನನ್ನ ದಾಸವಾಳಕ್ಕೆ ಅದೇ ಗೊಬ್ಬರ. ದೀಪಾವಳಿಯ ಹೊತ್ತಿಗೆ ದಾರ ಕಾಣದಾಯಿತು. ಕರಟ ಹಸಿರು ಗುಡ್ಡವಾಯಿತು. ಮಧ್ಯಾಹ್ನದ ಹೊತ್ತು ಎಲೆಗಳ ಮೇಲೆ ಮುತ್ತಿನಂಥ ಗುಳ್ಳೆಗಳು ನಿಲ್ಲುತ್ತಿದ್ದವು. ಗಿಡ ಬೆಳಕಿನಲ್ಲಿ ಆಹಾರ ತಯಾರಿಸುವಾಗ ಬಿಡುವ ಆಮ್ಲಜನಕ ಅದು. ಪಾಠದಲ್ಲಿ ಓದಿದ್ದನ್ನು ಪುಟ್ಟಿ ಕಣ್ಣಾರೆ ಕಂಡಳು.

ನವೆಂಬರ್ ಕೊನೆಗೆ ಮತ್ತೆ ಮರಿಗಳು ಬಂದವು. ಈ ಸಲ ಎಣಿಸಲಾಗಲಿಲ್ಲ, ಏಕೆಂದರೆ ಕಾಣಿಸಲೇ ಇಲ್ಲ! ಹುಟ್ಟಿದ ಮರಿ ಸೀದಾ ಹಾವಸೆಯೊಳಗೆ. ದೊಡ್ಡ ಮೀನು ಮೂತಿ ತೂರಿಸುತ್ತದೆ, ಆಗುವುದಿಲ್ಲ, ಹಿಂದಿರುಗುತ್ತದೆ. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಎಳೆಗಳ ನಡುವೆ ಪಿಳಿಪಿಳಿ ಕಣ್ಣು. ಒಳಗೆ ಅವುಗಳಿಗೆ ಊಟಕ್ಕೂ ಕೊರತೆಯಿಲ್ಲ. ಹಾವಸೆಯ ಮೇಲೆ ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಮರಿಗಳು ಅವನ್ನು ಹೆಕ್ಕಿ ತಿನ್ನುತ್ತವೆ.

ನೆಮ್ಮದಿಯೆನ್ನುವಷ್ಟರಲ್ಲಿ ಡಿಸೆಂಬರ್ ಬಂತು. ಹಾವಸೆಯ ಮೇಲೆ ಕೂದಲಿನಂಥ ಹಸಿರು ಎಳೆಗಳು ಸುತ್ತಿಕೊಳ್ಳತೊಡಗಿದವು. ಶೈವಲ! ದೀಪದ ಗಂಟೆ ಬದಲಾಗಿಲ್ಲ, ಕಾಳು ಹೆಚ್ಚಾಗಿಲ್ಲ, ಆದರೂ ಎಲ್ಲಿಂದ? ಕಾರಣ ಸಿಕ್ಕಿದ್ದು ಒಂದು ಭಾನುವಾರ ಮಧ್ಯಾಹ್ನ. ಜುಲೈನಲ್ಲಿ ನೆತ್ತಿಯ ಮೇಲಿದ್ದ ಸೂರ್ಯ ಈಗ ದಕ್ಷಿಣಕ್ಕೆ ಸರಿದಿದ್ದ. ತೆಂಕಣ ಕಿಟಕಿಯಿಂದ ಓರೆಯಾಗಿ ಬಂದ ಬಿಸಿಲು ನೇರ ತೊಟ್ಟಿಯ ಮೇಲೆ ಬೀಳುತ್ತಿತ್ತು. ದಕ್ಷಿಣಾಯನ, ಉತ್ತರಾಯಣ ಎಂದು ಪಂಚಾಂಗದಲ್ಲಿ ಓದುತ್ತೇವಲ್ಲ, ಅದು ನಮ್ಮ ನಡುಮನೆಗೇ ಬಂದಿತ್ತು.

ಅಂಗಡಿಯಲ್ಲಿ ಪಾಚಿ ಕೊಲ್ಲುವ ಔಷಧಿ ಸಿಗುತ್ತದೆ. ಆದರೆ ಅಂಥ ಔಷಧಿ ಹಲವು ವೇಳೆ ಹಾವಸೆಯನ್ನೂ ಸುಡುತ್ತದೆ. ಜೊತೆಗೆ ಒಳಗೆ ಮರಿಗಳಿದ್ದವು. “ಔಷಧಿ ಬೇಡ ಅಜ್ಜಿ” ಎಂದು ಪುಟ್ಟಿ ಗಟ್ಟಿಯಾಗಿ ಹೇಳಿದಳು. ನನ್ನ ಹಳೆಯ ಇಳಕಲ್ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಕಿಟಕಿಗೆ ಪರದೆ ಕಟ್ಟಿದೆವು. ದೀಪವನ್ನು ಐದು ಗಂಟೆಗೆ ಇಳಿಸಿದೆವು. ಪುಟ್ಟಿಯ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ನೀರಿನಲ್ಲಿ ಮೆಲ್ಲಗೆ ತಿರುಗಿಸಿದರೆ ಶೈವಲದ ಎಳೆಗಳು ಶಾವಿಗೆಯಂತೆ ಅದಕ್ಕೆ ಸುತ್ತಿಕೊಂಡು ಬರುತ್ತಿದ್ದವು. ಪ್ರತಿ ಸಲ ಬ್ರಷ್ಷನ್ನು ಬಿಳಿ ಬಟ್ಟಲಿನಲ್ಲಿ ಅದ್ದಿ, ಮರಿ ಸಿಕ್ಕಿಕೊಂಡಿದೆಯೇ ಎಂದು ನೋಡುತ್ತಿದ್ದಳು. ಶಾಲೆಯಿಂದ ಬಂದ ಕೂಡಲೇ ಅದೇ ಕೆಲಸ, ಮೂರು ವಾರ. ಸಂಕ್ರಾಂತಿಯ ಹೊತ್ತಿಗೆ ಹಾವಸೆ ಮತ್ತೆ ತನ್ನ ಬಣ್ಣಕ್ಕೆ ಬಂತು.

ಆ ದಿನಗಳಲ್ಲೇ ಒಂದು ಸಂಜೆ ಪುಟ್ಟಿಯ ಗಣಿತದ ಅಂಕ ಮನೆಗೆ ಬಂತು. ಅಪ್ಪನ ದನಿ ಏರಿತು. ಅವಳು ಓಡಿಬಂದು ನನ್ನ ಬೆನ್ನ ಹಿಂದೆ ಸೇರಿಕೊಂಡು ಸೆರಗು ಮುಖಕ್ಕೆ ಎಳೆದುಕೊಂಡಳು. ಮಗ ಸ್ವಲ್ಪ ಹೊತ್ತು ನಿಂತು, ನಗು ತಡೆಯಲಾಗದೆ ಹೊರಟುಹೋದ. ಸೆರಗಿನ ಒಳಗಿನಿಂದಲೇ ಅವಳು ತೊಟ್ಟಿಯನ್ನು ನೋಡುತ್ತಿದ್ದಳು. ಮರಿಗಳು ಈಗ ಸಾಕಷ್ಟು ದೊಡ್ಡವಾಗಿ ಹಾವಸೆಯಿಂದ ಹೊರಗೆ ಈಜುತ್ತಿದ್ದವು. ತಾಯಿ ಮೀನು ಅವುಗಳ ಪಕ್ಕದಲ್ಲೇ ಹಾದುಹೋದರೂ ಏನೂ ಮಾಡುತ್ತಿರಲಿಲ್ಲ. ಬಾಯಿಗಿಂತ ದೊಡ್ಡದಾದ ಮೇಲೆ ಭಯವಿಲ್ಲ.

“ಅಜ್ಜಿ, ಅವಳಿಗೆ ಗೊತ್ತಿರಲಿಲ್ಲ ಅಲ್ವಾ, ಅವು ತನ್ನ ಮರಿ ಅಂತ?”

“ಗೊತ್ತಿರಲಿಲ್ಲ ಪುಟ್ಟಿ.”

ಅವಳು ಎದ್ದುಹೋಗಿ ಕಾಳಿನ ಡಬ್ಬಿ ತೆಗೆದಳು. ಒಂದು ಚಿಟಿಕೆ ತಾಯಿ ಮೀನಿನ ಮುಂದೆಯೇ ಹಾಕಿದಳು. ಆರು ತಿಂಗಳಾಗಿತ್ತು. ಮರಿಗಳನ್ನು ಎಣಿಸಿದೆವು, ಹದಿನೇಳು.

ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ. ತೊಟ್ಟಿಯ ನೀರು 31 ಡಿಗ್ರಿ ಮುಟ್ಟಿತು. ಜಾವಾ ಹಾವಸೆಗೆ 24ರ ಆಸುಪಾಸು ಹಿತ. 30 ದಾಟಿದರೆ ಬೆಳವಣಿಗೆ ಕುಂದುತ್ತದೆ. ಮೇಲಿನ ಮುಚ್ಚಳ ತೆಗೆದು, ಮೀನು ಹಾರದಂತೆ ಸೊಳ್ಳೆಪರದೆಯ ತುಂಡು ಬಿಗಿದು, ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಪುಟ್ಟ ಫ್ಯಾನ್ ಇಟ್ಟೆವು. ಎರಡು ಡಿಗ್ರಿ ಇಳಿಯಿತು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಆವಿಯಾಗುವ ನೀರು ತನ್ನೊಡನೆ ಶಾಖವನ್ನೂ ಒಯ್ಯುತ್ತದೆ. ತಗ್ಗಿದ ನೀರನ್ನು ಸಂಜೆ ತುಂಬಿಸುತ್ತಿದ್ದೆವು.

ಈಗ ನಮ್ಮಲ್ಲಿ ಹಾವಸೆ ಹೆಚ್ಚಾಗಿದೆ. ಎರಡು ತಿಂಗಳಿಗೊಮ್ಮೆ ಕತ್ತರಿಯಿಂದ ಸವರುತ್ತೇವೆ. ಸವರದಿದ್ದರೆ ಒಳಗಿನದು ಕಂದುಗಟ್ಟುತ್ತದೆ. ಕತ್ತರಿಸಿದ ಒಂದೊಂದು ತುಂಡೂ ಮತ್ತೆ ಹೊಸ ಗಿಡವಾಗಬಲ್ಲದು. ಅವನ್ನೂ ಬೆಳೆದ ಮರಿಗಳನ್ನೂ ಬೀದಿಯ ಮಕ್ಕಳಿಗೆ, ಪುಟ್ಟಿಯ ಗೆಳತಿಯರಿಗೆ ಕೊಡುತ್ತೇವೆ. ಕೆರೆಗೆ ಮಾತ್ರ ಬಿಡುವುದಿಲ್ಲ. ಹೊರನಾಡಿನ ಮೀನು, ಗಿಡ ನಮ್ಮ ಕೆರೆ ಸೇರಿದರೆ ಅಲ್ಲಿಯ ಮೂಲ ನಿವಾಸಿಗಳಿಗೆ ಜಾಗವಿಲ್ಲದಂತಾಗಬಹುದು.

ಹಾವಸೆ ಕೊಡುವ ಪ್ರತಿ ಡಬ್ಬಿಯ ಮೇಲೆ ಪುಟ್ಟಿ ಒಂದು ಚೀಟಿ ಅಂಟಿಸುತ್ತಾಳೆ. ಅವಳದೇ ಅಕ್ಷರ:

1. ಬಿಸಿಲಿಗೆ ಇಡಬೇಡಿ.
2. ನಲ್ಲಿ ನೀರಿನಲ್ಲಿ ತೊಳೆಯಬೇಡಿ.
3. ದಪ್ಪಗೆ ಕಟ್ಟಬೇಡಿ.
4. ಅವಸರ ಮಾಡಬೇಡಿ.
5. ಕೆರೆಗೆ ಎಸೆಯಬೇಡಿ.

“ಎಲ್ಲವೂ ಬೇಡ, ಬೇಡ ಎಂದೇ ಬರೆದಿದ್ದೀಯಲ್ಲೇ, ಏನು ಮಾಡಬೇಕು ಅಂತ ಒಂದಾದರೂ ಬರೆ” ಎಂದೆ. ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿ, ಆರನೆಯದನ್ನು ಸೇರಿಸಿದಳು:

6. ದಿನಾ ನೋಡಿ.